ಪದ್ಯ ಹಾಡಬಲ್ಲೆ, ಹಾಜರಿ ಕೂಗಲಾರೆ: ಈ ಧ್ವನಿ ತೊಂದರೆ ಇನ್ನು ಯಾರಿಗಾದರೂ ಇದೆಯೇ?

ಹೊಳೆಸಾಲು · ಸೋಮವಾರ, ರಾತ್ರಿ 9:12

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ವಯಸ್ಸು 43. ಎರಡೂವರೆ ವರ್ಷದಿಂದ ನನ್ನ ಧ್ವನಿ ನನ್ನ ಮಾತು ಕೇಳುತ್ತಿಲ್ಲ. ಮಾತಿನ ನಡುವೆ ಯಾರೋ ಕತ್ತು ಹಿಸುಕಿದ ಹಾಗೆ ಪದ ಅರ್ಧಕ್ಕೆ ಕಡಿದುಹೋಗುತ್ತದೆ. ಬೆಳಗಿನ ಹಾಜರಿಯೇ ದೊಡ್ಡ ಗಂಡಾಂತರ. ಪಟ್ಟಿ ಅಕಾರಾದಿಯಲ್ಲಿ ಇರುತ್ತದಲ್ಲ, ಅನಿತಾ, ಆನಂದ, ಇಮ್ರಾನ್, ಉಮಾ ಎಂದು ಸ್ವರದ ಹೆಸರುಗಳೇ ಮೊದಲು. ಅಲ್ಲಿ ಒಂದೊಂದಕ್ಕೂ ಒದ್ದಾಡುತ್ತೇನೆ. ಪವಿತ್ರಾ, ಸುರೇಶ ಬರುವ ಹೊತ್ತಿಗೆ ತುಸು ಸಲೀಸು.

ವಿಚಿತ್ರವೆಂದರೆ ಅದೇ ತರಗತಿಯಲ್ಲಿ ಷಟ್ಪದಿಯನ್ನು ರಾಗವಾಗಿ ಓದಿದರೆ ಧ್ವನಿ ಹಳೆಯದೇ! ನಗು ಬರುತ್ತದೆ, ಪಿಸುಮಾತು ಬರುತ್ತದೆ. ಫೋನ್ ಎತ್ತಿದರೆ ಮಾತ್ರ ಒಂದು ಪದವೂ ಹೊರಡುವುದಿಲ್ಲ.

ಮೊದಲ ಇಎನ್‌ಟಿ ವೈದ್ಯರು ಕ್ಯಾಮೆರಾ ಹಾಕಿ ನೋಡಿ ಧ್ವನಿತಂತುಗಳು ಚೆನ್ನಾಗಿವೆ ಎಂದು ಆಸಿಡಿಟಿ ಮಾತ್ರೆ ಕೊಟ್ಟರು, ಮೂರು ತಿಂಗಳು ನುಂಗಿದೆ. ಎರಡನೆಯವರು ಮೌನವಾಗಿರಿ ಎಂದರು, ಬೇಸಿಗೆ ರಜೆ ಪೂರ್ತಿ ಮೌನವಾಗಿದ್ದೆ. ಮೂರನೆಯವರು ಇದು ಮನಸ್ಸಿನದು ಎಂದು ಮನೋವೈದ್ಯರ ಬಳಿ ಕಳಿಸಿದರು. ಆ ಮಾತ್ರೆಗೆ ನಿದ್ದೆ ಬಂತು, ಧ್ವನಿ ಬರಲಿಲ್ಲ. ಜ್ಯೇಷ್ಠಮಧು, ಉಪ್ಪುನೀರು, ಕುಲದೇವರಿಗೆ ಹರಕೆ ಎಲ್ಲ ಆಯಿತು. ಶಿಕ್ಷಕರ ಕೊಠಡಿಯಲ್ಲಿ ‘ಪಾಪ, ಮನೆಯಲ್ಲಿ ಏನೋ ಇರಬೇಕು’ ಎಂಬ ಮಾತು ನನ್ನ ಕಿವಿಗೇ ಬಿತ್ತು. ಆ ದಿನ ಬಸ್ಸಿನಲ್ಲಿ ಅತ್ತುಕೊಂಡೇ ಮನೆಗೆ ಬಂದೆ.

ಕಳೆದ ತಿಂಗಳು ಬೆಂಗಳೂರಿನಲ್ಲಿ ಧ್ವನಿಯನ್ನೇ ವಿಶೇಷವಾಗಿ ನೋಡುವ ವೈದ್ಯರೊಬ್ಬರು ಹತ್ತು ನಿಮಿಷ ನನ್ನನ್ನು ಮಾತಾಡಿಸಿ, ‘ಅಡಕ್ಟರ್ ಸ್ಪಾಸ್ಮೋಡಿಕ್ ಡಿಸ್‌ಫೋನಿಯಾ’ ಎಂದು ಬರೆದುಕೊಟ್ಟರು. ಕತ್ತಿನ ಮೂಲಕ ಧ್ವನಿಪೆಟ್ಟಿಗೆಗೆ ಬೊಟಾಕ್ಸ್ ಚುಚ್ಚುಮದ್ದು ಕೊಡುತ್ತಾರಂತೆ. ಹೆದರಿಕೆಯಾಗಿದೆ. ತೆಗೆದುಕೊಂಡವರು ಯಾರಾದರೂ ಇದ್ದೀರಾ? ಹತ್ತು ನಿಮಿಷದಲ್ಲಿ ಹೇಳಿದ್ದನ್ನು ನಂಬಬಹುದೇ?

ಅಡಿಕೆಸಿಪ್ಪೆ · ಸೋಮವಾರ, ರಾತ್ರಿ 9:31

ಅಕ್ಕ, ಬೊಟಾಕ್ಸ್ ಎಂದರೆ ನಟಿಯರು ಮುಖದ ಸುಕ್ಕಿಗೆ ಹಾಕಿಸಿಕೊಳ್ಳುವುದಲ್ಲವೇ? ಗಂಟಲಿಗೆ ಬೇಡ. ಹಿಪ್ಪಲಿ ಪುಡಿಯನ್ನು ಜೇನಿನಲ್ಲಿ ಕಲಸಿ ನಲವತ್ತೆಂಟು ದಿನ ತಿನ್ನಿ. ನನ್ನ ಚಿಕ್ಕಪ್ಪನ ಒಡಕು ಧ್ವನಿ ಅದರಲ್ಲೇ ವಾಸಿಯಾಯಿತು.

ಮಾತುಗಾತಿ · ಸೋಮವಾರ, ರಾತ್ರಿ 9:58

ನಾನು ಮೈಸೂರಿನಲ್ಲಿ ವಾಕ್ ಶ್ರವಣ ವಿಜ್ಞಾನ ಓದಿ, ಹದಿನಾಲ್ಕು ವರ್ಷದಿಂದ ಧ್ವನಿ ಚಿಕಿತ್ಸೆಯಲ್ಲೇ ಇರುವವಳು. ಹೊಳೆಸಾಲು ಅವರೇ, ನಿಮ್ಮ ಬರಹ ಓದುತ್ತಲೇ ನನಗೆ ಅನುಮಾನ ಬಂದಿತ್ತು. ಹಾಡು, ನಗು, ಪಿಸುಮಾತು ಸರಿಯಾಗಿದ್ದು ಮಾತು ಮಾತ್ರ ಕಡಿಯುತ್ತದೆ ಎಂದರೆ ಈ ಕಾಯಿಲೆಯ ಕಡೆಗೆ ಬೊಟ್ಟು ಮಾಡಿದಂತೆಯೇ.

ಇದು ಡಿಸ್ಟೋನಿಯಾ ಎಂಬ ನರಸಂಬಂಧಿ ಕಾಯಿಲೆಗಳ ಗುಂಪಿನದು. ಬರೆಯಲು ಕುಳಿತಾಗ ಮಾತ್ರ ಬೆರಳು ಸೆಟೆಯುವ ಬರಹಗಾರರ ಸೆಳೆತವನ್ನು ಕೇಳಿರಬಹುದು. ಅದರ ಒಡಹುಟ್ಟು ಇದು. ಅಲ್ಲಿ ಕೈ, ಇಲ್ಲಿ ಧ್ವನಿಪೆಟ್ಟಿಗೆ. ಮಾತಿನ ಚಲನೆಯನ್ನು ಹದದಲ್ಲಿಡುವ ಮಿದುಳಿನ ಜಾಲದಲ್ಲಿ ಎಡವಟ್ಟಾಗಿ ಧ್ವನಿತಂತುಗಳನ್ನು ಮುಚ್ಚುವ ಸ್ನಾಯು ಬೇಡದ ಹೊತ್ತಿನಲ್ಲಿ ಬಿಗಿಯುತ್ತದೆ, ಸ್ವರ ಅಲ್ಲಿಗೇ ನಿಲ್ಲುತ್ತದೆ. ಇದು ಅಡಕ್ಟರ್ ಬಗೆ, ಹೆಚ್ಚಿನವರಿಗೆ ಇದೇ. ತಂತುಗಳನ್ನು ತೆರೆಯುವ ಸ್ನಾಯು ಹೀಗೆ ಮಾಡಿದರೆ ಅಬ್ಡಕ್ಟರ್ ಬಗೆ, ಆಗ ಮಾತಿನ ನಡುವೆ ಗಾಳಿ ಸೋರುತ್ತದೆ. ಲಕ್ಷಕ್ಕೆ ಒಬ್ಬರಿಗೋ ಕೆಲವರಿಗೋ ಬರುವ ಕಾಯಿಲೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು.

ಹತ್ತು ನಿಮಿಷದ ಬಗ್ಗೆ: ಇದನ್ನು ಕಿವಿಯಿಂದಲೇ ಹಿಡಿಯಬೇಕು. ರಕ್ತಪರೀಕ್ಷೆಯಲ್ಲಿ ಸಿಗುವುದಿಲ್ಲ, ಎಂಆರ್‌ಐ ಸಾಮಾನ್ಯವಾಗಿಯೇ ಇರುತ್ತದೆ. ಬಾಯಿ ತೆರೆಸಿ ನಾಲಿಗೆ ಎಳೆದು ‘ಈ’ ಎನ್ನಿಸಿದರೆ ತಂತುಗಳು ಚೆನ್ನಾಗಿಯೇ ಕಾಣುತ್ತವೆ, ಏಕೆಂದರೆ ಆಗ ನೀವು ಮಾತಾಡುತ್ತಿಲ್ಲ. ಮೂಗಿನ ಮೂಲಕ ಬಳುಕುವ ಎಂಡೋಸ್ಕೋಪ್ ಇಳಿಸಿ, ಮಾತಾಡಿಸುತ್ತಾ ನೋಡಬೇಕು. ನಿಮ್ಮ ವೈದ್ಯರು ಹಾಗೆ ಮಾಡಿದರೇ?

ಹೊಳೆಸಾಲು · ಸೋಮವಾರ, ರಾತ್ರಿ 10:05

ಹೌದು ಮೇಡಂ, ಮೂಗಿನಿಂದಲೇ. ಕಥೆ ಹೇಳಿಸಿದರು, ಎಣಿಸಲು ಹೇಳಿದರು, ಒಂದು ಹಾಡನ್ನೂ ಹಾಡಿಸಿದರು. ಹಿಂದಿನ ಮೂವರಲ್ಲಿ ಯಾರೂ ಹಾಡಿಸಿರಲಿಲ್ಲ.

ಗುಡ್ಡದಮೇಲೆ · ಮಂಗಳವಾರ, ಬೆಳಿಗ್ಗೆ 6:40

ಹಾಡುವಾಗ ಬರುತ್ತದೆ, ಮಾತಾಡುವಾಗ ಬರುವುದಿಲ್ಲ, ಫೋನಿನಲ್ಲಂತೂ ಇಲ್ಲವೇ ಇಲ್ಲ ಎಂದರೆ ಅದು ಮನಸ್ಸಿನದೇ ಅಲ್ಲವೇ? ನರಕ್ಕೆ ಫೋನು ಯಾವುದು, ಹಾಡು ಯಾವುದು ಎಂದು ಹೇಗೆ ಗೊತ್ತಾಗುತ್ತದೆ? ಬೇಸರ ಮಾಡಿಕೊಳ್ಳಬೇಡಿ ಮೇಡಂ, ನನಗೆ ಅನ್ನಿಸಿದ್ದನ್ನು ಹೇಳಿದೆ. ಧ್ಯಾನ ಮಾಡಿ ನೋಡಿ.

ಎಣ್ಣೆಹೊಳೆ · ಮಂಗಳವಾರ, ಬೆಳಿಗ್ಗೆ 7:15

ಗುಡ್ಡದಮೇಲೆ ಅವರೇ, ಇದೇ ಮಾತಿನಿಂದ ಜನ ವರ್ಷಗಟ್ಟಲೆ ನರಳುತ್ತಾರೆ. ದಯವಿಟ್ಟು ಹಾಗೆನ್ನಬೇಡಿ.

ಮಾತುಗಾತಿ · ಮಂಗಳವಾರ, ಬೆಳಿಗ್ಗೆ 8:02

ಗುಡ್ಡದಮೇಲೆ ಅವರ ಪ್ರಶ್ನೆ ಹೊಸದಲ್ಲ, ಅದಕ್ಕೆ ಉತ್ತರ ಕೊಡಲೇಬೇಕು. 1871ರಲ್ಲಿ ಜರ್ಮನಿಯ ಲುಡ್ವಿಗ್ ಟ್ರೌಬೆ ಈ ಕಾಯಿಲೆಯನ್ನು ವರ್ಣಿಸಿದಾಗಲೇ ಅದಕ್ಕೆ ನರದೌರ್ಬಲ್ಯದ ಒಡಕು ಧ್ವನಿ ಎಂಬಂಥ ಹೆಸರಿತ್ತು. ಅಲ್ಲಿಂದ ಮುಂದೆ ನೂರು ವರ್ಷ ಇದನ್ನು ಮನಸ್ಸಿನ ಕಾಯಿಲೆ ಎಂದೇ ಬಗೆದರು. 1976ರಲ್ಲಿ ಅಮೆರಿಕದ ಹರ್ಬರ್ಟ್ ಡೀಡೋ ಧ್ವನಿಪೆಟ್ಟಿಗೆಗೆ ಹೋಗುವ ಒಂದು ಕಡೆಯ ನರವನ್ನೇ ಕತ್ತರಿಸಿದರು. ರೋಗಿಗಳ ಮಾತು ಕೂಡಲೇ ಸಡಿಲವಾಯಿತು. ಮುಂದಿನ ಮೂರು ವರ್ಷಗಳಲ್ಲಿ ಬಹಳ ಜನರಿಗೆ ಬಿಗಿತ ಮರಳಿತು ನಿಜ. ಆದರೂ ನರ ತಡೆದರೆ ಬಿಗಿತ ಹೋಗುತ್ತದೆ ಎಂದು ಗೊತ್ತಾದ ಮೇಲೆ ನೋಟವೇ ತಿರುಗಿತು.

ನರಕ್ಕೆ ಹಾಡು ಯಾವುದೆಂದು ಗೊತ್ತಾಗುವುದಿಲ್ಲ. ಮಿದುಳಿಗೆ ಗೊತ್ತಾಗುತ್ತದೆ. ಹಾಡು ಬೇರೆ ಕೆಲಸ, ಮಾತು ಬೇರೆ ಕೆಲಸ, ಎರಡಕ್ಕೂ ಅದು ಸ್ನಾಯುಗಳನ್ನು ಹೂಡುವ ಬಗೆ ಬೇರೆ. ಬರಹಗಾರರ ಸೆಳೆತ ಇರುವವನು ಪೆನ್ನು ಹಿಡಿಯಲಾರ, ಅದೇ ಕೈಯಲ್ಲಿ ಗುಂಡಿ ಹಾಕಿಕೊಳ್ಳಬಲ್ಲ. ಒತ್ತಡದಲ್ಲಿ ಇದು ಹೆಚ್ಚಾಗುತ್ತದೆ, ಪಾರ್ಕಿನ್ಸನ್ ಇರುವವರ ಕೈನಡುಕವೂ ಒತ್ತಡದಲ್ಲಿ ಹೆಚ್ಚಾಗುತ್ತದೆ. ಅದನ್ನು ಯಾರೂ ಮನೋರೋಗ ಎನ್ನುವುದಿಲ್ಲವಲ್ಲ.

ಗುಡ್ಡದಮೇಲೆ · ಮಂಗಳವಾರ, ಬೆಳಿಗ್ಗೆ 8:20

ಗುಂಡಿಯ ಉದಾಹರಣೆಯಿಂದ ಅರ್ಥವಾಯಿತು. ಹೊಳೆಸಾಲು ಅವರೇ, ಕ್ಷಮಿಸಿ.

ಬಡಗುತಿಟ್ಟು · ಮಂಗಳವಾರ, ಮಧ್ಯಾಹ್ನ 1:25

ನಮ್ಮ ದೊಡ್ಡಮಾವ ಯಕ್ಷಗಾನದ ಭಾಗವತರು. ಹೊನ್ನಾವರದ ಕಡೆ ರಾತ್ರಿಯಿಡೀ ಪದ ಹೇಳಿ ಬೆಳಗಿನ ಜಾವ ಚೌಕಿಗೆ ಬಂದು ‘ಒಂದು ಲೋಟ ಚಹಾ’ ಎನ್ನಲು ಒದ್ದಾಡುತ್ತಿದ್ದರು. ಹಾಡಿ ಹಾಡಿ ಗಂಟಲು ಸೋತಿದೆ ಎಂದುಕೊಂಡೆವು. ಈಗ ಯೋಚಿಸಿದರೆ ಮಧ್ಯಾಹ್ನ ಎದ್ದ ಮೇಲೂ ಹಾಗೆಯೇ ಇತ್ತು, ಸಂಜೆ ಪೀಠಿಕೆಗೆ ಕುಳಿತರೆ ಗಂಟೆಯಂಥ ಧ್ವನಿ. ಕೊನೆಯ ವರ್ಷಗಳಲ್ಲಿ ಮನೆಯವರೊಡನೆ ಮಾತೇ ಬಿಟ್ಟರು. ಕೋಪಿಷ್ಠ ಎಂದೆವು ನಾವು. ಇದನ್ನು ಓದಿ ಹೊಟ್ಟೆಯಲ್ಲಿ ಸಂಕಟವಾಗುತ್ತಿದೆ.

ಮಾತುಗಾತಿ · ಮಂಗಳವಾರ, ಮಧ್ಯಾಹ್ನ 2:10

ನೋಡದೆ ಹೇಳಲಾಗದು ಬಡಗುತಿಟ್ಟು ಅವರೇ, ಆದರೆ ನೀವು ಹೇಳಿದ ಚಿತ್ರ ಹೊಂದುತ್ತದೆ. ಒಂದು ತಿದ್ದುಪಡಿ: ಹಾಡು ಎಲ್ಲರಿಗೂ ಉಳಿಯುವುದಿಲ್ಲ. ಹಾಡುವಾಗ ಮಾತ್ರ ಕಾಡುವ ಬಗೆಯೂ ಇದೆ, ಗಾಯಕರಿಗೆ ಬರುತ್ತದೆ. ಕಾಯಿಲೆ ಹೆಚ್ಚಿದಂತೆ ಕೆಲವರಿಗೆ ಹಾಡೂ ಹೋಗುತ್ತದೆ.

ಎಣ್ಣೆಹೊಳೆ · ಮಂಗಳವಾರ, ಮಧ್ಯಾಹ್ನ 3:33

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ಓದಿದವರು ತಮ್ಮ ಒಡಕು ಧ್ವನಿಗೆಲ್ಲ ಇದೇ ಹೆಸರು ಇಟ್ಟುಕೊಳ್ಳಬಾರದು. ನನ್ನ ಅಮ್ಮನ ಧ್ವನಿ ಒಂದು ತಿಂಗಳಲ್ಲಿ ಗಾಳಿಯಾಯಿತು. ಕ್ಯಾಮೆರಾದಲ್ಲಿ ಎಡ ತಂತು ಅಲ್ಲಾಡುತ್ತಲೇ ಇರಲಿಲ್ಲ. ವೈದ್ಯರು ಗಂಟಲು ಬಿಟ್ಟು ಎದೆಯ ಪರೀಕ್ಷೆ ಮಾಡಿಸಿದರು. ಎಡ ತಂತುವನ್ನು ಅಲ್ಲಾಡಿಸುವ ನರ ಕುತ್ತಿಗೆಯಿಂದ ನೇರ ಧ್ವನಿಪೆಟ್ಟಿಗೆಗೆ ಹೋಗುವುದಿಲ್ಲ, ಎದೆಗೆ ಇಳಿದು ಮಹಾಪಧಮನಿಯನ್ನು ಸುತ್ತಿಕೊಂಡು ಮತ್ತೆ ಮೇಲೆ ಬರುತ್ತದೆ ಎಂದು ಆಗ ತಿಳಿಯಿತು. ಅಮ್ಮನಿಗೆ ಚಿಕ್ಕಂದಿನ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕಿರಿದಾಗಿತ್ತು. ಹೃದಯದ ಎಡಗೋಣೆ ಉಬ್ಬಿ ಎದೆಯೊಳಗೇ ಆ ನರ ಒತ್ತಡಕ್ಕೆ ಸಿಕ್ಕಿತ್ತು. ವಿಯೆನ್ನಾದ ಆರ್ಟ್ನರ್ ಎಂಬವರು 1897ರಲ್ಲೇ ಇದನ್ನು ಬರೆದಿಟ್ಟಿದ್ದಾರಂತೆ. ಧ್ವನಿ ಕೆಟ್ಟದ್ದರಿಂದ ಹೃದಯ ಉಳಿಯಿತು.

ಮಾತುಗಾತಿ · ಮಂಗಳವಾರ, ಸಂಜೆ 5:48

ಎಣ್ಣೆಹೊಳೆ ಅವರಿಗೆ ನಮಸ್ಕಾರ. ಇದಕ್ಕೆ ಇನ್ನೆರಡು ಸೇರಿಸುತ್ತೇನೆ. ಬೆಳಿಗ್ಗೆ ಚೆನ್ನಾಗಿದ್ದ ಧ್ವನಿ ಮಾತಾಡಿದಂತೆ ಸೋತು, ಸಂಜೆಗೆ ಮೂಗಿನಲ್ಲಿ ಬಂದು, ಜೊತೆಗೆ ರೆಪ್ಪೆ ಇಳಿಬಿದ್ದರೆ ಮಯಸ್ತೇನಿಯಾ ಗ್ರೇವಿಸ್ ಎಂಬ, ಬಳಸಿದಂತೆ ಸ್ನಾಯು ಸೋಲುವ ಕಾಯಿಲೆ ಇರಬಹುದು, ನರರೋಗ ತಜ್ಞರನ್ನು ಕಾಣಿ. ಮಾತು ತೊದಲಿ, ನುಂಗಲು ಕಷ್ಟವಾಗಿ, ನಾಲಿಗೆ ಸಣ್ಣಗಾದರೆ ಒಂದು ದಿನವೂ ಕಾಯಬೇಡಿ. ಎರಡು ವಾರ ಮೀರಿದ ಒಡಕು ಧ್ವನಿಗೆ, ಬೀಡಿ ಸಿಗರೇಟು ಸೇದುವವರಿಗಂತೂ, ಕ್ಯಾಮೆರಾ ಪರೀಕ್ಷೆ ಬೇಕೇ ಬೇಕು.

ಇನ್ನು ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಸ್ನಾಯುಬಿಗಿತದ ಧ್ವನಿ. ಗಂಟಲನ್ನು ತಪ್ಪಾಗಿ ಬಳಸಿ ಬಳಸಿ ಬರುವಂಥದು, ಶಿಕ್ಷಕರಲ್ಲಿ ಬಹಳ. ಅದು ಎಲ್ಲ ಪದಗಳಲ್ಲೂ ಒಂದೇ ಸಮನೆ ಬಿಗಿ, ಚಿಕಿತ್ಸಕರ ಅಭ್ಯಾಸದಿಂದ ವಾಸಿಯಾಗುತ್ತದೆ. ಡಿಸ್ಟೋನಿಯಾ ಪದ ನೋಡಿ ಹೊಡೆಯುತ್ತದೆ. ಅದಕ್ಕೆ ನಾನು ಕನ್ನಡದಲ್ಲೇ ಎರಡು ವಾಕ್ಯ ಕಟ್ಟಿಕೊಂಡಿದ್ದೇನೆ. ಇಂಗ್ಲಿಷ್ ವಾಕ್ಯ ಓದಿಸಿದರೆ ನಮ್ಮ ಹಳ್ಳಿಯವರು ಓದುವ ಭಯಕ್ಕೇ ಬಿಗಿಯುತ್ತಾರೆ.

‘ಅಮ್ಮನ ಮನೆಯ ಅಂಗಳದಲ್ಲಿ ಎಲೆ ಒಣಗಿದೆ.’ ಇದರಲ್ಲಿ ಪ್ರತಿ ಅಕ್ಷರಕ್ಕೂ ತಂತು ಕಂಪಿಸಬೇಕು, ಬಿಡುವೇ ಇಲ್ಲ. ಅಡಕ್ಟರ್ ಬಗೆಯವರು ಇಲ್ಲಿ ಸಿಕ್ಕಿಬೀಳುತ್ತಾರೆ.

‘ಪುಟ್ಟ ಹಕ್ಕಿ ಕತ್ತೆತ್ತಿ ಕೂತಿತು.’ ಇದರ ವ್ಯಂಜನಗಳೆಲ್ಲ ಕಂಪನವಿಲ್ಲದವು. ತಂತು ಮತ್ತೆ ಮತ್ತೆ ತೆರೆಯಬೇಕು. ಅಬ್ಡಕ್ಟರ್ ಬಗೆಯವರ ಧ್ವನಿ ಇಲ್ಲಿ ಗಾಳಿಯಾಗುತ್ತದೆ.

ಹನ್ನೊಂದರಿಂದ ಹತ್ತೊಂಬತ್ತರವರೆಗೆ ಎಣಿಸಿದರೆ ಎಲ್ಲವೂ ಹಕಾರದಿಂದ ಆರಂಭ, ಎಂಬತ್ತರ ಮುಂದಕ್ಕೆ ಎಣಿಸಿದರೆ ಎಲ್ಲವೂ ಎಕಾರ. ಕಾಗದ, ಯಂತ್ರ ಏನೂ ಬೇಡ.

ಹಳೆಮೈಸೂರು · ಮಂಗಳವಾರ, ರಾತ್ರಿ 8:14

ಮೇಡಂ, ನಮ್ಮ ಕಡೆ ಹಳ್ಳಿಯಲ್ಲಿ ಹಾಲು ‘ಆಲು’, ಹಕ್ಕಿ ‘ಅಕ್ಕಿ’. ನಮ್ಮ ಅಜ್ಜನನ್ನು ಹನ್ನೊಂದರಿಂದ ಎಣಿಸಿ ಎಂದರೆ ‘ಅನ್ನೊಂದು, ಅನ್ನೆರಡು’ ಎನ್ನುತ್ತಾರೆ. ಆಗ ನಿಮ್ಮ ಪರೀಕ್ಷೆ ತಿರುಗುಮುರುಗಾಗುವುದಿಲ್ಲವೇ?

ಮಾತುಗಾತಿ · ಮಂಗಳವಾರ, ರಾತ್ರಿ 8:40

ನೂರಕ್ಕೆ ನೂರು ನಿಜ! ನಾನೇ ಮೊದಲ ವರ್ಷ ಇದರಲ್ಲಿ ಎಡವಿದ್ದೆ. ಮಂಡ್ಯ ಕಡೆಯ ಹಿರಿಯರಿಗೆ ಹಕಾರ ಬಿಟ್ಟು ಪ, ತ, ಕ ಇರುವ ಪದಗಳನ್ನೇ ಕೊಡುತ್ತೇನೆ: ಪಾತ್ರೆ, ಕತ್ತಿ, ತಟ್ಟೆ. ರೋಗಿಯ ಊರಿನ ಮಾತು ಗೊತ್ತಿಲ್ಲದವರು ಈ ಕಾಯಿಲೆಯನ್ನು ತಪ್ಪಾಗಿ ಹಿಡಿಯಬಹುದು.

ಅಡಿಕೆಸಿಪ್ಪೆ · ಮಂಗಳವಾರ, ರಾತ್ರಿ 9:05

ನನ್ನ ಹಿಪ್ಪಲಿಗೆ ಯಾರೂ ಉತ್ತರ ಕೊಡಲಿಲ್ಲ.

ಮಾತುಗಾತಿ · ಮಂಗಳವಾರ, ರಾತ್ರಿ 9:11

ಕಫ, ನೆಗಡಿಯ ಒಡಕಿಗೆ ನಿಮ್ಮ ಚಿಕ್ಕಪ್ಪನಿಗೆ ಹಿತವಾಗಿರಬಹುದು. ಇಲ್ಲಿ ಗಂಟಲಿನಲ್ಲಿ ಊತವಿಲ್ಲ, ಗಾಯವಿಲ್ಲ, ಆದ್ದರಿಂದ ಗಂಟಲಿಗೆ ಸವರುವುದು, ಕುಡಿಯುವುದು ತಟ್ಟುವುದಿಲ್ಲ.

ಕರಾವಳಿಕೂಸು · ಮಂಗಳವಾರ, ರಾತ್ರಿ 10:22

ಅಮೆರಿಕದ ಈಗಿನ ಆರೋಗ್ಯ ಸಚಿವ ರಾಬರ್ಟ್ ಎಫ್. ಕೆನಡಿ ಜೂನಿಯರ್ ಮಾತಾಡುವುದನ್ನು ಕೇಳಿ. ಆ ಹಿಸುಕಿದ ಧ್ವನಿ ಇದೇ ಕಾಯಿಲೆ. ವಾಷಿಂಗ್ಟನ್ನಿನ ಡಯಾನ್ ರೀಮ್ ಎಂಬ ರೇಡಿಯೋ ನಿರೂಪಕಿಗೆ 1998ರಲ್ಲಿ ಇದೇ ಎಂದು ಪತ್ತೆಯಾಯಿತು. ಚುಚ್ಚುಮದ್ದು ತೆಗೆದುಕೊಳ್ಳುತ್ತಾ 2016ರವರೆಗೆ ಕಾರ್ಯಕ್ರಮ ನಡೆಸಿದರು. ಧ್ವನಿಯೇ ಅನ್ನವಾದವರು ಅಷ್ಟು ವರ್ಷ ನಡೆಸಿದ್ದಾರೆ ಅಕ್ಕ, ಹೆದರಬೇಡಿ.

ಅಂದಹಾಗೆ ಜಪಾನಿನಲ್ಲಿ ಶಾಶ್ವತ ಶಸ್ತ್ರಚಿಕಿತ್ಸೆ ಇದೆ ಎಂದು ಓದಿದೆ. ಅದನ್ನೇ ಮಾಡಿಸಬಾರದೇ?

ಮಾತುಗಾತಿ · ಬುಧವಾರ, ಬೆಳಿಗ್ಗೆ 7:50

ಇದೆ. ಕ್ಯೋಟೋದ ನೊಬುಹಿಕೊ ಇಶ್ಶಿಕಿ ರೂಪಿಸಿದ ಎರಡನೆಯ ಬಗೆಯ ಥೈರೋಪ್ಲಾಸ್ಟಿ. ಗಂಟಲಮಣಿಯ ಮೃದ್ವಸ್ಥಿಯನ್ನು ನಡುವೆ ಸೀಳಿ, ಟೈಟಾನಿಯಂನ ಸಣ್ಣ ಸೇತುವೆ ಕೂರಿಸಿ, ತಂತುಗಳು ಬಿಗಿಯಾಗಿ ಮುಚ್ಚದಂತೆ ಅಗಲಿಸುತ್ತಾರೆ. ಲಾಸ್ ಏಂಜಲೀಸ್‌ನಲ್ಲಿ ಜೆರಾಲ್ಡ್ ಬರ್ಕಿ ಬೇರೆ ದಾರಿ ಹಿಡಿದರು, ಮುಚ್ಚುವ ಸ್ನಾಯುವಿನ ನರದ ಕವಲನ್ನು ಮಾತ್ರ ಕಡಿದು ಅಲ್ಲಿಗೆ ಇನ್ನೊಂದು ನರ ಜೋಡಿಸುತ್ತಾರೆ. ಎರಡೂ ಅಡಕ್ಟರ್ ಬಗೆಗೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಹೆಜ್ಜೆ ಚುಚ್ಚುಮದ್ದೇ. ಅದು ಹಿಡಿಸದಿದ್ದರೆ ಮೂರ್ನಾಲ್ಕು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಕತ್ತಿ ಆಡಿಸಿದ್ದು ಇಳಿಯುವುದಿಲ್ಲ.

ಬೊಟಾಕ್ಸ್ ಬಗ್ಗೆ ಅಡಿಕೆಸಿಪ್ಪೆ ಅವರಿಗೂ ಒಂದು ಮಾತು. ಸುಕ್ಕಿಗೆ ಬರುವ ಎಷ್ಟೋ ಮೊದಲೇ ಅದು ಮೆಳ್ಳಗಣ್ಣಿಗೆ ಔಷಧವಾಗಿತ್ತು. 1984ರಲ್ಲಿ ನ್ಯೂಯಾರ್ಕಿನ ಆಂಡ್ರ್ಯೂ ಬ್ಲಿಟ್ಜರ್ ಮತ್ತು ಸಂಗಡಿಗರು ಧ್ವನಿಪೆಟ್ಟಿಗೆಗೆ ಮೊದಲು ಕೊಟ್ಟರು. ನರದ ತುದಿ ಸ್ನಾಯುವಿಗೆ ‘ಬಿಗಿ’ ಎನ್ನಲು ಬಿಡುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಅದು ತಡೆಯುತ್ತದೆ. ಪ್ರಮಾಣ ಬಹಳ ಸಣ್ಣದು. ನೂರು ಯೂನಿಟ್‌ನ ಸೀಸೆಯಲ್ಲಿ ಒಂದು ಕಡೆಗೆ ಒಂದೆರಡು ಯೂನಿಟ್ ಅಷ್ಟೆ. ಮಯಸ್ತೇನಿಯಾ ಇದ್ದರೆ, ಬಸಿರಿದ್ದರೆ, ಜೆಂಟಾಮೈಸಿನ್ ಅಥವಾ ಅಮಿಕಾಸಿನ್‌ನಂಥ ಆಂಟಿಬಯೋಟಿಕ್ ಚುಚ್ಚುಮದ್ದು ನಡೆಯುತ್ತಿದ್ದರೆ ಮೊದಲೇ ವೈದ್ಯರಿಗೆ ಹೇಳಬೇಕು.

ಕೊನೆಸೀಟು · ಗುರುವಾರ, ರಾತ್ರಿ 11:47

ನಾನು ಬಸ್ ಕಂಡಕ್ಟರ್. ಮೂರು ದಿನದಿಂದ ಇದನ್ನು ಓದುತ್ತಿದ್ದೇನೆ, ಬರೆಯಲು ಈಗ ಧೈರ್ಯ ಬಂತು. ನನ್ನದು ಹಿಸುಕಿದ ಧ್ವನಿ ಅಲ್ಲ, ಸೋರುವ ಧ್ವನಿ. ‘ಬೀರೂರು’ ಎಂದು ಕೂಗಿದರೆ ನಿಲ್ದಾಣಕ್ಕೆಲ್ಲ ಕೇಳಿಸುತ್ತದೆ. ಅಲ್ಲಿಂದ ಹತ್ತು ನಿಮಿಷದ ‘ಕಡೂರು’ ಬಾಯಿಂದ ಬರುವುದೇ ಇಲ್ಲ, ಕ ಎಂದ ಕೂಡಲೇ ಬರೀ ಉಸಿರು. ‘ತರೀಕೆರೆ’ಯೂ ಹಾಗೆಯೇ. ‘ಟಿಕೆಟ್’, ‘ಚಿಲ್ಲರೆ ಕೊಡಿ’ ಎನ್ನುವುದು ದಿನಕ್ಕೆ ಸಾವಿರ ಸಲ, ಸಾವಿರ ಸಲವೂ ಸೋಲುತ್ತೇನೆ. ಕುಡಿದು ಬಂದಿದ್ದಾನೆ ಎಂದು ಒಬ್ಬರು ದೂರು ಕೊಟ್ಟರು. ನಾನು ಜೀವಮಾನದಲ್ಲಿ ಮುಟ್ಟಿದವನಲ್ಲ.

ಮೇಡಂ ಬರೆದ ಹಕ್ಕಿಯ ವಾಕ್ಯವನ್ನು ಡಿಪೋ ಹಿಂದೆ ನಿಂತು ಓದಿಕೊಂಡೆ. ಒಂದಕ್ಷರವೂ ಬರಲಿಲ್ಲ. ಅಂಗಳದ್ದು ಸಲೀಸಾಗಿ ಬಂತು. ಆರು ವರ್ಷದಲ್ಲಿ ಮೊದಲ ಸಲ ನನಗೆ ಏನಾಗಿದೆ ಎಂದು ಸುಳಿವು ಸಿಕ್ಕಿತು.

ಹೊಳೆಸಾಲು · ಶುಕ್ರವಾರ, ಬೆಳಿಗ್ಗೆ 6:02

ಕೊನೆಸೀಟು ಅಣ್ಣ, ನನಗೆ ಕಡೂರು ಸಲೀಸು, ಅಜ್ಜಂಪುರ ಎನ್ನಲಾರೆ. ನೀವು ಬರೆದಿದ್ದಕ್ಕೆ ಬಹಳ ಸಂತೋಷವಾಯಿತು. ದಯವಿಟ್ಟು ತೋರಿಸಿಕೊಳ್ಳಿ.

ಮಾತುಗಾತಿ · ಶುಕ್ರವಾರ, ಬೆಳಿಗ್ಗೆ 8:30

ಕೊನೆಸೀಟು ಅವರೇ, ಅಬ್ಡಕ್ಟರ್ ಬಗೆ ಇರಬಹುದು, ಕ್ಯಾಮೆರಾದಲ್ಲಿ ನೋಡಿಯೇ ಖಚಿತ ಮಾಡಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥದ್ದಕ್ಕೆಂದೇ 1965ರಿಂದ ಇದೆ, ನರದ ಕಡೆಗೆ ಬೆಂಗಳೂರಿನ ನಿಮ್ಹಾನ್ಸ್. ನಿಮಗೆ ಮರೆಮಾಚದೆ ಹೇಳುತ್ತೇನೆ: ನಿಮ್ಮ ಬಗೆಯಲ್ಲಿ ಚುಚ್ಚಬೇಕಾದ ಸ್ನಾಯು ಧ್ವನಿಪೆಟ್ಟಿಗೆಯ ಹಿಂಭಾಗದಲ್ಲಿದೆ, ತಲುಪುವುದು ಕಷ್ಟ, ಫಲವೂ ಅಡಕ್ಟರ್‌ನಷ್ಟು ಚೆನ್ನಾಗಿರುವುದಿಲ್ಲ. ಉಸಿರಿಗೆ ತಂತು ತೆರೆಯುವ ಸ್ನಾಯು ಅದೇ ಆದ್ದರಿಂದ ಸಾಮಾನ್ಯವಾಗಿ ಎರಡೂ ಕಡೆ ಒಟ್ಟಿಗೆ ಪೂರ್ತಿ ಕೊಡುವುದಿಲ್ಲ, ಒಂದು ಕಡೆ ಕೊಟ್ಟು ನೋಡುತ್ತಾರೆ. ಆದರೂ ಎಷ್ಟೋ ಜನರಿಗೆ ಕೆಲಸಕ್ಕೆ ಸಾಕಾಗುವಷ್ಟು ಸುಧಾರಿಸುತ್ತದೆ. ದೂರಿನ ವಿಷಯಕ್ಕೆ ರೋಗದ ಹೆಸರಿರುವ ವೈದ್ಯರ ಪತ್ರ ಮೊದಲು ಪಡೆದುಕೊಳ್ಳಿ.

ಹಳೆಮೈಸೂರು · ಶುಕ್ರವಾರ, ಬೆಳಿಗ್ಗೆ 9:17

ಆರು ವರ್ಷ! ನಮ್ಮಲ್ಲಿ ಮಾತ್ರ ಹೀಗೆಯೇ?

ಮಾತುಗಾತಿ · ಶುಕ್ರವಾರ, ಬೆಳಿಗ್ಗೆ 9:30

ಅಮೆರಿಕದಲ್ಲೂ ರೋಗ ಪತ್ತೆಗೆ ಸರಾಸರಿ ನಾಲ್ಕು ವರ್ಷಕ್ಕಿಂತ ಹೆಚ್ಚು ಹಿಡಿದಿದ್ದನ್ನು 2015ರ ಅಧ್ಯಯನವೊಂದು ತೋರಿಸಿತ್ತು.

ಹೊಳೆಸಾಲು · ನಾಲ್ಕು ವಾರಗಳ ನಂತರ, ಭಾನುವಾರ

ಚುಚ್ಚುಮದ್ದು ಆಯಿತು. ಹೆದರಿರುವವರಿಗಾಗಿ ಇದ್ದದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ.

ಮಲಗಿಸಿ, ಕತ್ತಿನ ಕೆಳಗೆ ದಿಂಬಿಟ್ಟು, ಗಂಟಲಮಣಿಯ ಕೆಳಗಿನ ತಗ್ಗಿನಲ್ಲಿ ಸೂಜಿ ಇಳಿಸಿದರು. ಸೂಜಿಗೆ ತಂತಿ ಕಟ್ಟಿ ಯಂತ್ರಕ್ಕೆ ಸೇರಿಸಿರುತ್ತಾರೆ. ‘ಈ’ ಎನ್ನಲು ಹೇಳಿದರು, ಯಂತ್ರ ತಗಡಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು ಮಾಡಿತು, ಸರಿಯಾದ ಸ್ನಾಯು ಸಿಕ್ಕಿತು ಎಂದರ್ಥ. ಎರಡೂ ಕಡೆ ಸೇರಿ ಐದು ನಿಮಿಷ. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಹಲ್ಲು ಕೀಳಿಸುವುದಕ್ಕಿಂತ ಕಡಿಮೆ ನೋವು.

ಮೂರನೆಯ ದಿನ ಧ್ವನಿ ಪೂರ್ತಿ ಗಾಳಿಯಾಯಿತು. ನೀರು ಕುಡಿದರೆ ನೆತ್ತಿಗೆ ಹತ್ತುತ್ತಿತ್ತು. ಮಾತುಗಾತಿ ಮೇಡಂ ಮೊದಲೇ ಸಂದೇಶ ಕಳಿಸಿ ಹೇಳಿಕೊಟ್ಟಿದ್ದ ಹಾಗೆ ಗಲ್ಲವನ್ನು ಎದೆಗೆ ತಗ್ಗಿಸಿ ಗುಟುಕು ಗುಟುಕಾಗಿ ನುಂಗಿದೆ. ಸಾರಿಗಿಂತ ಗಂಜಿ ಸಲೀಸು. ಎಂಟು ದಿನ ಕಪ್ಪುಹಲಗೆಯಲ್ಲಿ ಬರೆದೇ ಪಾಠ ಮಾಡಿದೆ. ದುಡ್ಡು ಕೊಟ್ಟು ಇದ್ದ ಧ್ವನಿಯನ್ನೂ ಕಳೆದುಕೊಂಡೆನೇ ಎಂದು ಒಂದು ರಾತ್ರಿ ನಿದ್ದೆ ಬರಲಿಲ್ಲ.

ಹದಿಮೂರನೆಯ ದಿನ ಬೆಳಿಗ್ಗೆ ಹಾಲಿನವನಿಗೆ ‘ಅರ್ಧ ಲೀಟರ್ ಸಾಕು’ ಎಂದೆ. ಅಂದು ಮುಗಿಸಿದ ಮೇಲೆ ಗೊತ್ತಾಯಿತು, ಎಲ್ಲೂ ಕಡಿಯಲಿಲ್ಲ ಎಂದು. ಒಳಗೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ. ‘ಯಾರಮ್ಮ ಮಾತಾಡುವುದು?’ ಎಂದರು. ಎರಡೂವರೆ ವರ್ಷದಿಂದ ನನ್ನ ಈ ಧ್ವನಿಯನ್ನು ಅವರು ಕೇಳಿರಲಿಲ್ಲ. ಸೋಮವಾರ ಹಾಜರಿ ಕೂಗಿದೆ. ಅನಿತಾ ಎಂದಾಗ ಇಡೀ ತರಗತಿ ತಲೆಯೆತ್ತಿತು.

ಮೂರು ತಿಂಗಳ ಮೇಲೆ ಮತ್ತೆ ಬಿಗಿಯುತ್ತದೆ, ಮತ್ತೆ ಹೋಗಬೇಕು, ಗೊತ್ತು.

ಬಡಗುತಿಟ್ಟು · ಅದೇ ದಿನ

ಓದಿ ಕಣ್ಣು ತುಂಬಿತು. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ದೊಡ್ಡಮಾವನ ಬಗ್ಗೆ ಅತ್ತೆಗೂ ಹೇಳಿದೆವು. ‘ಹಾಗಾದರೆ ನನ್ನ ಮೇಲೆ ಸಿಟ್ಟಿರಲಿಲ್ಲ’ ಎಂದರು.

ಗುಡ್ಡದಮೇಲೆ · ಅದೇ ದಿನ

ಪ್ರತಿ ಮೂರ್ನಾಲ್ಕು ತಿಂಗಳಿಗೆ ಎಂದರೆ ಖರ್ಚು ಹೇಗೆ ಮೇಡಂ?

ಹೊಳೆಸಾಲು · ಅದೇ ದಿನ

ಅದೇ ದೊಡ್ಡ ಚಿಂತೆ. ಸೀಸೆ ಪೂರ್ತಿ ನಾವೇ ಕೊಳ್ಳಬೇಕು, ಬಳಸುವುದು ಐದು ಯೂನಿಟ್‌ಗಿಂತ ಕಡಿಮೆ. ಕದಡಿದ ಮೇಲೆ ಹೆಚ್ಚು ಹೊತ್ತು ಇಡಲಾಗದು, ಉಳಿದದ್ದು ವ್ಯರ್ಥ. ಅದಕ್ಕೆ ಆಸ್ಪತ್ರೆಯವರು ಇಂಥ ರೋಗಿಗಳನ್ನು ಒಂದೇ ದಿನಕ್ಕೆ ಕರೆಸಿ ಒಂದು ಸೀಸೆಯ ಖರ್ಚನ್ನು ಹಂಚುತ್ತಾರೆ. ಈ ಸಲ ನಾವು ಇಬ್ಬರೇ ಇದ್ದೆವು.

ಕೊನೆಸೀಟು · ಅದೇ ದಿನ, ರಾತ್ರಿ

ಅಕ್ಕ, ನನಗೂ ಕ್ಯಾಮೆರಾ ಪರೀಕ್ಷೆ ಆಯಿತು. ಮೇಡಂ ಹೇಳಿದ್ದೇ, ಅಬ್ಡಕ್ಟರ್. ಪತ್ರವನ್ನು ಡಿಪೋದಲ್ಲಿ ಕೊಟ್ಟಿದ್ದೇನೆ, ದೂರು ಕೈಬಿಟ್ಟರು. ಮುಂದಿನ ಸಲ ನಿಮ್ಮ ದಿನಾಂಕ ಯಾವಾಗ? ನನ್ನ ಸ್ನಾಯು ಬೇರೆಯಾದರೂ ಸೀಸೆ ಅದೇ ಅಲ್ಲವೇ?

ಹೊಳೆಸಾಲು · ಅದೇ ದಿನ, ರಾತ್ರಿ

ಸೀಸೆ ಅದೇ ಅಣ್ಣ. ದಿನಾಂಕ ಗೊತ್ತಾದ ಕೂಡಲೇ ಇಲ್ಲೇ ಹಾಕುತ್ತೇನೆ. ನೀವು ಬಂದರೆ ಮೂವರಾಗುತ್ತೇವೆ.